‘ಸಾರ್ವಜನಿಕರು’ ಅಂದರೆ ಯಾರು?

ಎರಡು ವರ್ಷದ ಹಿಂದೆ ನಮ್ಮ ಕಡೆಯ ಒಂದು ಪೊಲೀಸ್ ಠಾಣೆಯಲ್ಲಿ ಕೂತು ದೂರು ಬರೆಸುತ್ತಿದ್ದೆ. ಫಿರ್ಯಾದಿ ಪಕ್ಕದ ಊರಿನ ಕೇರಿಯ ಹೆಣ್ಣುಮಗಳು. ಬಾಕಿ ಉಳಿದಿದ್ದ ಕೂಲಿ ಕೇಳಿದ್ದಕ್ಕೆ ಊರಿನ ಯಜಮಾನರೊಬ್ಬರು ಅವಳ ಮನೆ ಬಾಗಿಲಿಗೇ ಬಂದು, ಬೀದಿಯಲ್ಲಿ ನಿಂತು, ಜಾತಿ ಹೆಸರು ಹಿಡಿದು ಬೈದು ಹೋಗಿದ್ದರು. ಠಾಣೆಯ ರೈಟರು ನಾನು ಬರೆದುಕೊಟ್ಟ ಅರ್ಜಿಯನ್ನು ಪೂರ್ತಿ ಓದಿ ಪೆನ್ನು ಕೆಳಗಿಟ್ಟರು.

“ಬೈಯುವಾಗ ಸಾರ್ವಜನಿಕರು ಯಾರಿದ್ರಮ್ಮ?”

“ಇದ್ರಲ್ಲ ಸ್ವಾಮಿ. ನಮ್ಮತ್ತೆ ಇದ್ರು, ನಮ್ ಮೈದ ಇದ್ದ, ಎದುರು ಮನೆ ದೊಡ್ಡವ್ವ ಇದ್ರು. ಕೇರಿಯೋರೆಲ್ಲ ಆಚೆ ಬಂದಿದ್ರು.”

“ಅವ್ರೆಲ್ಲ ನಿಮ್ಮೋರು ಕಣಮ್ಮ. ಸಾರ್ವಜನಿಕರು ಯಾರಿದ್ರು ಅಂತ ನಾನು ಕೇಳ್ತಿರೋದು.”

ಅವಳು ಸುಮ್ಮನಾದಳು. ಆಮೇಲೆ ಹೊರಗೆ ಬಂದು ಟೀ ಕುಡಿಯುವಾಗ ಮೆಲ್ಲಗೆ ಕೇಳಿದಳು: “ಅಣ್ಣ, ಸಾರ್ವಜನಿಕರು ಅಂದ್ರೆ ಯಾರಣ್ಣ? ನಾವಲ್ವಾ?”

ಇಪ್ಪತ್ತು ವರ್ಷದಿಂದ ಈ ಥರದ ಅರ್ಜಿ ಬರೆಯುತ್ತಾ ಬಂದವನು ನಾನು. ಆ ಪದವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಆ ಪ್ರಶ್ನೆಗೆ ಥಟ್ಟನೆ ಉತ್ತರ ಬರಲಿಲ್ಲ. ಸಾಹಿತ್ಯ ವಿಮರ್ಶೆಯ ಸಂಚಿಕೆಯಲ್ಲಿ ಕಾನೂನಿನ ಒಂದು ವಿಶೇಷಣದ ಬಗ್ಗೆ ಯಾಕೆ ಬರೆಯುತ್ತೀಯ ಅಂತ ಗೆಳೆಯರು ಕೇಳಬಹುದು. ಪದವೊಂದು ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಯಾರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ ಅಂತ ನೋಡುವುದೂ ವಿಮರ್ಶೆಯೇ ಅಂತ ನಾನು ತಿಳಿದಿದ್ದೇನೆ.

ಮೊದಲು ಪದ. ‘ಸರ್ವಜನ’ ಎಂಬುದರಿಂದ ಬಂದದ್ದು ‘ಸಾರ್ವಜನಿಕ’. ಎಲ್ಲ ಜನಕ್ಕೂ ಸೇರಿದ್ದು, ಎಲ್ಲ ಜನರ ಎದುರಿಗೆ ಇರುವುದು ಅಂತ ನೇರ ಅರ್ಥ. ಇಂಗ್ಲಿಷಿನ ಪಬ್ಲಿಕ್‌ಗೆ ಪ್ರತಿಯಾಗಿ ಇದು ನಮ್ಮ ಕಚೇರಿ ಮತ್ತು ಪತ್ರಿಕೆಗಳ ಭಾಷೆಯಲ್ಲಿ ತಳವೂರಿತು. ಆದರೆ ನಮ್ಮ ಹಳ್ಳಿಗಳಲ್ಲಿ ಯಾರೂ ‘ಸಾರ್ವಜನಿಕ ಬಾವಿ’ ಅನ್ನುವುದಿಲ್ಲ. ‘ಊರ ಬಾವಿ’ ಅನ್ನುತ್ತಾರೆ. ಊರ ಕೆರೆ, ಊರ ಗುಂಡುತೋಪು, ಊರ ಮುಂದಿನ ಅರಳಿಕಟ್ಟೆ. ಈ ‘ಊರ’ ಎಂಬುದೇ ನಮ್ಮಲ್ಲಿ ಸಾರ್ವಜನಿಕಕ್ಕೆ ಇದ್ದ ಹಳೆಯ ವಿಶೇಷಣ. ಊರು ಅಂದಾಗ ಕೇರಿ ಅದರೊಳಗೆ ಬರುವುದಿಲ್ಲ ಅಂತ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥನಕ್ಕೆ ‘ಊರುಕೇರಿ’ ಅಂತ ಎರಡೂ ಪದ ಸೇರಿಸಿ ಹೆಸರಿಟ್ಟರು. ಒಂದೇ ಸಾಕಾಗುವ ಹಾಗಿದ್ದರೆ ಎರಡನ್ನು ಯಾಕೆ ಇಡುತ್ತಿದ್ದರು? ‘ಊರವರೆಲ್ಲ ಸೇರಿ ತೀರ್ಮಾನ ಮಾಡಿದರು’ ಅಂದರೆ ನಾವು ಇಲ್ಲದೆಯೇ ‘ಎಲ್ಲರೂ’ ಪೂರ್ತಿಯಾಗುತ್ತಿದ್ದರು. ‘ಊರ’ ಇದ್ದ ಜಾಗದಲ್ಲಿ ‘ಸಾರ್ವಜನಿಕ’ ಬಂದು ಕೂತಾಗ ಅಕ್ಷರದಲ್ಲಿ ನಾವು ಒಳಗೆ ಬಂದೆವು. ಆದರೆ ಆ ಪದವನ್ನು ಆಡುವ ಬಾಯಿಗಳು ಹಳೆಯವೇ ಆಗಿದ್ದವು.

ಈ ಪದದ ಮೇಲಿನ ನಮ್ಮ ಜಗಳ ನೂರು ವರ್ಷದಷ್ಟು ಹಳೆಯದು. 1923ರ ಆಗಸ್ಟಿನಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಎಸ್. ಕೆ. ಬೋಳೆ ಅವರು ಒಂದು ಠರಾವು ತಂದರು. ಸಾರ್ವಜನಿಕ ಹಣದಿಂದ ಕಟ್ಟಿ ನಡೆಸುತ್ತಿರುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆಗಳನ್ನು ಅಸ್ಪೃಶ್ಯರೂ ಬಳಸಲು ಬಿಡಬೇಕು ಎಂಬುದು ಅದರ ತಿರುಳು. ಅದನ್ನು ಅನುಸರಿಸಿ ಮಹಾಡದ ಪುರಸಭೆ 1924ರಲ್ಲಿ ತನ್ನ ಚವದಾರ ಕೆರೆ ಎಲ್ಲರಿಗೂ ಮುಕ್ತ ಎಂದು ಘೋಷಿಸಿತು. ಘೋಷಣೆ ಕಾಗದದಲ್ಲಿ ಉಳಿಯಿತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದುಹೋಗಿ ಆ ನೀರನ್ನು ಕುಡಿದರು. ಇಷ್ಟು ನಮಗೆಲ್ಲ ಗೊತ್ತು. ಅಷ್ಟಾಗಿ ಮಾತಾಡದೆ ಬಿಟ್ಟಿರುವುದು ಆಮೇಲಿನ ಕೋರ್ಟು ಕಥೆ.

ಸವರ್ಣೀಯರು ಆ ವರ್ಷದ ಡಿಸೆಂಬರಿನಲ್ಲಿ ದಾವೆ ಹಾಕಿದರು. ಕೆರೆ ಸಾರ್ವಜನಿಕವಲ್ಲ, ಸ್ಪೃಶ್ಯರಿಗಷ್ಟೇ ಸೇರಿದ ಖಾಸಗಿ ಸ್ವತ್ತಿನ ಥರದ್ದು, ಅನಾದಿಯಿಂದ ಅಸ್ಪೃಶ್ಯರನ್ನು ಹೊರಗಿಟ್ಟಿರುವುದೇ ಪದ್ಧತಿ ಎಂಬುದು ಅವರ ವಾದ. ಗಮನಿಸಿ: ಕೆರೆಯ ನೀರನ್ನು ಬೇರೆ ಧರ್ಮದವರು ಬಳಸುತ್ತಿದ್ದರು. ಆಗೆಲ್ಲ ಅದು ಖಾಸಗಿ ಅಂತ ಯಾರಿಗೂ ಹೊಳೆದಿರಲಿಲ್ಲ. ನಾವು ಬೊಗಸೆ ಒಡ್ಡಿದ ದಿನ ಕೆರೆ ಖಾಸಗಿಯಾಯಿತು. ಕೋರ್ಟು ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ಡಿಸೆಂಬರಿನ ಎರಡನೇ ಪರಿಷತ್ತಿಗೆ ಬಂದ ಜನ ಮನುಸ್ಮೃತಿ ಸುಟ್ಟರು, ಆದರೆ ಕೆರೆಗೆ ಇಳಿಯಲಿಲ್ಲ. ದಾವೆ ಹಾಕಿದವರು ಕೆಳಗಿನ ಕೋರ್ಟುಗಳಲ್ಲಿ ಸೋತು ಮುಂಬಯಿ ಹೈಕೋರ್ಟಿಗೆ ಹೋದರು. 1937ರ ಮಾರ್ಚ್ 17ರಂದು ಅಲ್ಲಿಯೂ ಸೋತರು. ಅನಾದಿ ಪದ್ಧತಿ ಎಂಬುದು ರುಜುವಾತಾಗಿಲ್ಲ ಎಂದಿತು ಹೈಕೋರ್ಟು. ಒಂದು ಬೊಗಸೆ ನೀರು ಸಾರ್ವಜನಿಕ ಅಂತ ಆಗಲಿಕ್ಕೆ ಹತ್ತು ವರ್ಷ ಹಿಡಿಯಿತು.

ಈ ಹತ್ತು ವರ್ಷದ ಅನುಭವ ಸಂವಿಧಾನದ 15(2)ನೇ ವಿಧಿಯ ಒಳಗೆ ಇಳಿದಿದೆ ಅಂತ ನನಗನ್ನಿಸುತ್ತದೆ. ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರುವ ಜಾಗ ಅಂತ ಅದು ಒಂದೊಂದಾಗಿ ಎಣಿಸುತ್ತದೆ. ‘ಎಲ್ಲ ಸಾರ್ವಜನಿಕ ಸ್ಥಳಗಳು’ ಅಂತ ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಹಾಗೆ ಬರೆದಿದ್ದರೆ ಪ್ರತಿ ಬಾವಿಯ ಮುಂದೆಯೂ ಮತ್ತೊಂದು ಮಹಾಡ ಆಗಬೇಕಾಗುತ್ತಿತ್ತು. 1948ರ ನವೆಂಬರ್ 29ರಂದು ಈ ವಿಧಿ ಸಂವಿಧಾನ ಸಭೆಯ ಮುಂದೆ ಬಂದಾಗ ಮದ್ರಾಸಿನ ಸದಸ್ಯ ಎಸ್. ನಾಗಪ್ಪ ಎದ್ದು ನಿಂತು ನಮ್ಮವರು ಕೇಳುವ ಪ್ರಶ್ನೆಗಳನ್ನೇ ಕೇಳಿದರು. ಅಗಸರ ಅಂಗಡಿ, ಕ್ಷೌರದ ಅಂಗಡಿ ಇದರಲ್ಲಿ ಬರುತ್ತವೆಯೇ? ಜನ ಸೇರುವ ಜಾಗ ಅಂದರೆ ಸ್ಮಶಾನವೂ ಸೇರಿತೇ? ಅಂಗಡಿ ಎಂಬುದನ್ನು ವಿಶಾಲ ಅರ್ಥದಲ್ಲಿ ಬಳಸಿದ್ದೇವೆ ಎಂದರು ಅಂಬೇಡ್ಕರ್. ಸ್ಮಶಾನದ ಬಗ್ಗೆ ಅವರ ಉತ್ತರ ಎಚ್ಚರದ್ದು. ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಹಣದಿಂದ ನಡೆಯುವ ಸ್ಮಶಾನವಾದರೆ ಸೇರುತ್ತದೆ. ಅಂಥ ಸ್ಮಶಾನವೇ ಇಲ್ಲದ ಕಡೆ ಹಕ್ಕು ಕೇಳುವುದಕ್ಕೆ ಸಾರ್ವಜನಿಕ ಜಾಗವೇ ಇರುವುದಿಲ್ಲ. ನಮ್ಮ ಎಷ್ಟೋ ಊರುಗಳಲ್ಲಿ ಹೆಣ ಹೊತ್ತು ಕೆರೆಯಂಗಳಕ್ಕೋ ಹಳ್ಳದ ದಂಡೆಗೋ ಹೋದವರಿಗೆ ಈ ಮಾತಿನ ಭಾರ ಗೊತ್ತು. ವಿಶೇಷಣ ಇದೆ, ಅದು ಅಂಟಿಕೊಳ್ಳುವುದಕ್ಕೆ ನೆಲ ಇಲ್ಲ.

ದೇವಸ್ಥಾನದ ವಿಷಯಕ್ಕೆ ಬಂದರೆ ದಕ್ಷಿಣ ಕನ್ನಡದ ಮೂಲ್ಕಿಯ ವೆಂಕಟರಮಣ ದೇವಾಲಯದ ಪ್ರಕರಣವಿದೆ. 1947ರ ಮದ್ರಾಸ್ ದೇವಾಲಯ ಪ್ರವೇಶ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ, ಇದು ಗೌಡ ಸಾರಸ್ವತರಿಗೆಂದೇ ಕಟ್ಟಿದ ಗುಡಿ ಎಂಬುದು ಧರ್ಮದರ್ಶಿಗಳ ವಾದವಾಗಿತ್ತು. ಸುಪ್ರೀಂ ಕೋರ್ಟು 1957ರ ನವೆಂಬರಿನಲ್ಲಿ ಕೊಟ್ಟ ತೀರ್ಪಿನಲ್ಲಿ, ಒಂದು ಪಂಗಡಕ್ಕೆ ಮೀಸಲಾದ ಗುಡಿಯೂ ಸಂವಿಧಾನ ಹೇಳುವ ‘ಸಾರ್ವಜನಿಕ ಸ್ವರೂಪ’ದ ಸಂಸ್ಥೆಯೇ ಅಂದಿತು. ಜನರ ಒಂದು ಭಾಗ ಅಂದರೂ ಅದು ಸಾರ್ವಜನಿಕವೇ. ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಮಾತ್ರ ಪಂಗಡದವರು ಉಳಿದವರನ್ನು ಹೊರಗಿಡಬಹುದು ಅಂತ ಒಂದು ಕಿಂಡಿಯನ್ನೂ ಬಿಟ್ಟಿತು. ಆ ಕಿಂಡಿಯ ಮಾತು ಬೇರೆ ಲೇಖನಕ್ಕಿರಲಿ. ನನಗೆ ಬೇಕಾದದ್ದು ಇಷ್ಟು: ಒಂದು ಜಾತಿಯ ಜನ ಮಾತ್ರ ಸೇರುವ ಕಡೆಯನ್ನು ಕೂಡ ‘ಸಾರ್ವಜನಿಕ’ ಅಂತ ಕರೆಯಲು ಕೋರ್ಟಿಗೆ ತೊಂದರೆಯಾಗಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ಆ ಠಾಣೆಗೆ ಬನ್ನಿ.

ರೈಟರು ಕೇಳಿದ ಪ್ರಶ್ನೆ 1989ರ ದೌರ್ಜನ್ಯ ತಡೆ ಕಾಯ್ದೆಯಿಂದ ಬಂದದ್ದು. ಇದು ಜಾರಿಯಾದದ್ದು 1990ರ ಜನವರಿ 30ರಂದು. ನಮ್ಮ ಕಡೆ ‘ಮೂರು ಒಂದು ಹತ್ತು ಕೇಸು’ ಅಂತಲೇ ಹೆಸರಾಗಿದ್ದ ಕಲಮು, ತಿದ್ದುಪಡಿ ಜಾರಿಗೆ ಬಂದ 2016ರ ಜನವರಿಯಿಂದ 3(1)(ಆರ್) ಮತ್ತು (ಎಸ್) ಆಗಿದೆ. ಒಂದು, ಅವಮಾನ ಮಾಡಬೇಕೆಂದೇ ಹೀಯಾಳಿಸುವುದು ಅಥವಾ ಬೆದರಿಸುವುದು. ಇನ್ನೊಂದು, ಜಾತಿ ಹೆಸರು ಹಿಡಿದು ಬೈಯುವುದು. ಎರಡರಲ್ಲೂ ಒಂದು ಷರತ್ತು ಇದೆ: ಅದು ಸಾರ್ವಜನಿಕ ನೋಟಕ್ಕೆ ಬೀಳುವ ಯಾವುದೇ ಸ್ಥಳದಲ್ಲಿ ನಡೆದಿರಬೇಕು.

ಇಲ್ಲಿ ಸ್ವಲ್ಪ ನಿಂತು ಓದಬೇಕು. ಕಾಯ್ದೆ ‘ಸಾರ್ವಜನಿಕ ಸ್ಥಳ’ ಅನ್ನಲಿಲ್ಲ. ‘ಸಾರ್ವಜನಿಕರ ಸಮಕ್ಷಮ’ ಅಂತಲೂ ಅನ್ನಲಿಲ್ಲ. ಸಾರ್ವಜನಿಕ ಎಂಬ ವಿಶೇಷಣ ಇಲ್ಲಿ ಅಂಟಿರುವುದು ಸ್ಥಳಕ್ಕಲ್ಲ, ನೋಟಕ್ಕೆ. ಜಾಗ ಖಾಸಗಿಯಾಗಿದ್ದರೂ ನೋಟ ಸಾರ್ವಜನಿಕವಾಗಿರಬಹುದು. 2008ರ ಆಗಸ್ಟಿನ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ಮನೆಯ ಗೇಟಿನ ಹತ್ತಿರ ಕಾರು ನಿಲ್ಲಿಸಿಕೊಂಡಿದ್ದ ಡ್ರೈವರೊಬ್ಬನಿಗೆ ಜಾತಿ ಹೆಸರಿನಲ್ಲಿ ಬೈದ ಸಂಗತಿ ಅದು. ಗೇಟು ಖಾಸಗಿಯವರದ್ದಾದರೂ ನೋಟಕ್ಕೆ ಬೀಳುವ ಜಾಗ ಎಂದಿತು ಕೋರ್ಟು. ಮನೆಯ ಕಾಂಪೌಂಡಿನೊಳಗಿನ ಹುಲ್ಲುಹಾಸೇ ಆದರೂ ರಸ್ತೆಯಿಂದ ಕಾಣುವಂತಿದ್ದರೆ ಸಾಕು. ಇನ್ನು ಕಟ್ಟಡದ ಒಳಗಡೆ ಬೈದಿದ್ದರೆ ಅಲ್ಲಿ ಹೊರಗಿನ ಜನ ಯಾರಾದರೂ ಇರಬೇಕು, ಬರೀ ನೆಂಟರು ಇಷ್ಟರಿದ್ದರೆ ಸಾಲದು.

ಕೊನೆಯ ಈ ಮಾತೇ ಎಲ್ಲ ಕಡೆ ಹಬ್ಬಿಕೊಂಡಿರುವುದು. ನೆಂಟರು ಸಾಲದು ಎಂಬುದು ನಾಲ್ಕು ಗೋಡೆಯ ಒಳಗಿನ ಘಟನೆಗೆ ಹೇಳಿದ ಮಾತು. ಬೀದಿಗೆ ಹೇಳಿದ್ದಲ್ಲ. ಬೀದಿ ಯಾರು ಬೇಕಾದರೂ ನೋಡಬಹುದಾದ ಜಾಗ. ಅಲ್ಲಿ ನೆಂಟರಿದ್ದರೋ ಇಷ್ಟರಿದ್ದರೋ ಎಂಬುದು ಸಾಕ್ಷಿಯ ಬಲಾಬಲದ ಪ್ರಶ್ನೆಯಾಗಬಹುದೇ ಹೊರತು ಕಲಮು ಅನ್ವಯಿಸುತ್ತದೋ ಇಲ್ಲವೋ ಎಂಬ ಪ್ರಶ್ನೆ ಆಗಬಾರದು. ರೈಟರು ಒಳಮನೆಯ ನಿಯಮವನ್ನು ತಂದು ಬೀದಿಗೆ ಹಾಕಿದ್ದರು. ಅವರೊಬ್ಬರದ್ದೇ ತಪ್ಪು ಅನ್ನಲಾರೆ. ದೆಹಲಿ ಹೈಕೋರ್ಟು 2004ರಲ್ಲೇ ದಯಾ ಭಟ್ನಾಗರ್ ಪ್ರಕರಣದಲ್ಲಿ ಸಾರ್ವಜನಿಕ ಅಂದರೆ ಎಷ್ಟೇ ಕಡಿಮೆ ಜನವಿದ್ದರೂ ಸರಿ, ಅವರು ಎರಡೂ ಕಡೆಗೆ ಸೇರದ ಸ್ವತಂತ್ರ, ನಿಷ್ಪಕ್ಷಪಾತ ಜನ ಆಗಿರಬೇಕು ಎಂಬ ಅರ್ಥಕ್ಕೆ ಬಂದಿತ್ತು. ಇಲ್ಲಿ ನೋಟ ಮರೆಯಾಗಿ ನೋಡುವವರು ಮುಂದೆ ಬಂದರು.

ನನ್ನ ತಕರಾರು ಇರುವುದು ಈ ಜಾಗದಲ್ಲಿ. ಕೇರಿಯಲ್ಲಿ ನೆಂಟರಲ್ಲದವರು ಯಾರು? ಎದುರು ಮನೆಯವಳು ದೊಡ್ಡವ್ವ, ಪಕ್ಕದವನು ಷಡ್ಡಕ, ಮೂಲೆ ಮನೆಗೆ ಮಗಳನ್ನು ಕೊಟ್ಟಿದೆ. ಊರು ನಮ್ಮನ್ನು ಒಂದು ಮೂಲೆಗೆ ಒತ್ತರಿಸಿ ಇಟ್ಟಿತು, ಜಾತಿ ನಮ್ಮ ಮದುವೆಗಳನ್ನು ಆ ಮೂಲೆಯ ಸುತ್ತಲೇ ಕಟ್ಟಿಹಾಕಿತು. ಹೀಗೆ ಜಾತಿಯೇ ನೆಂಟರನ್ನಾಗಿ ಮಾಡಿದ ಜನ, ಜಾತಿನಿಂದನೆಯ ಕೇಸಿನಲ್ಲಿ ನೆಂಟರೆಂಬ ಕಾರಣಕ್ಕೆ ಸಾರ್ವಜನಿಕರ ಲೆಕ್ಕದಿಂದ ಬಿದ್ದುಹೋಗುತ್ತಾರೆ. ಮಿಕ್ಕವರು ಯಾರು? ಊರಿನವರು. ಬೈದವನ ಕುಲಬಾಂಧವರು, ಅವನ ಸಾಲಗಾರರು, ಅವನ ಹಂಗಿನಲ್ಲಿರುವವರು. ಅವರು ‘ಸ್ವತಂತ್ರ’ ಸಾಕ್ಷಿಗಳು! ಮೂಲ್ಕಿಯಲ್ಲಿ ಒಂದೇ ಜಾತಿಯವರು ಸೇರುವ ಗುಡಿ ಸಾರ್ವಜನಿಕವಾಗಬಹುದಾದರೆ, ಒಂದೇ ಜಾತಿಯವರು ಸೇರಿದ ಕೇರಿಯ ಬೀದಿ ಯಾಕಾಗಬಾರದು? ವಕೀಲ ಮಿತ್ರರು ಎರಡು ಬೇರೆ ಬೇರೆ ಕಾನೂನು ಅಂತ ನನ್ನನ್ನು ತಿದ್ದುತ್ತಾರೆ. ಸರಿಯೇ. ಆದರೆ ಪದ ಒಂದೇ ತಾನೆ?

ನಂತರದ ತೀರ್ಪುಗಳನ್ನು ಸರಸರನೆ ಹೇಳಿಬಿಡುತ್ತೇನೆ. 2020ರ ನವೆಂಬರಿನಲ್ಲಿ ಹಿತೇಶ್ ವರ್ಮ ಪ್ರಕರಣದಲ್ಲಿ, ಕಟ್ಟಡದ ನಾಲ್ಕು ಗೋಡೆಯೊಳಗೆ ಬೈದದ್ದು ಅಂತಲೂ, ಜಗಳ ಜಮೀನಿನದ್ದು ಅಂತಲೂ ಸುಪ್ರೀಂ ಕೋರ್ಟು ಈ ಕಾಯ್ದೆಯ ಆರೋಪವನ್ನು ರದ್ದುಮಾಡಿತು. 2023ರಲ್ಲಿ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಅಲ್ಲಿದ್ದವರು ಫಿರ್ಯಾದಿ, ಅವನ ಹೆಂಡತಿ, ಮಗ ಅಷ್ಟೇ, ಹಾಗಾಗಿ ಅದು ಸಾರ್ವಜನಿಕ ನೋಟವಲ್ಲ ಅಂದಿತು. 2025ರ ಜನವರಿಯಲ್ಲಿ ತಮಿಳುನಾಡಿನಿಂದ ಬಂದ ಪ್ರಕರಣದಲ್ಲಿ ಬೈಸಿಕೊಂಡವರು ಸ್ವತಃ ಒಬ್ಬ ಕಂದಾಯ ಅಧಿಕಾರಿ, ಬೈಸಿಕೊಂಡದ್ದು ಸರ್ಕಾರಿ ಕಚೇರಿಯಲ್ಲಿ. ಸಹೋದ್ಯೋಗಿಗಳು ಬಂದದ್ದು ಆಮೇಲೆ. ಆದ್ದರಿಂದ ಅದೂ ಅಲ್ಲ. ಸರ್ಕಾರಿ ಕಚೇರಿ ಸಾರ್ವಜನಿಕ, ಅಲ್ಲಿನ ಕೆಲಸ ಸಾರ್ವಜನಿಕ ಸೇವೆ, ಅಲ್ಲಿ ಆದ ಅವಮಾನ ಮಾತ್ರ ಖಾಸಗಿ.

ಇದರ ಹಿಂದೆ ಅವಮಾನದ ಬಗ್ಗೆಯೇ ಒಂದು ಗ್ರಹಿಕೆ ಇದೆ. ಅವಮಾನಕ್ಕೆ ಪ್ರೇಕ್ಷಕ ಬೇಕು, ಮೂರನೆಯವನು ನೋಡದಿದ್ದರೆ ಮಾನ ಹೋಗಲಿಲ್ಲ ಎಂಬ ಗ್ರಹಿಕೆ. ಇದು ಮಾನವನ್ನು ಮೊದಲೇ ಪಡೆದಿರುವವರ ತಿಳುವಳಿಕೆ. ತೋಟದ ಮನೆಯಲ್ಲಿ, ಕೊಟ್ಟಿಗೆಯಲ್ಲಿ, ಸಾಹೇಬರ ಚೇಂಬರಿನಲ್ಲಿ, ಗೈಡ್ ಮೇಷ್ಟರ ರೂಮಿನಲ್ಲಿ, ಯಾರೂ ಇಲ್ಲದಾಗಲೇ ನಮ್ಮವರು ಕೇಳಿಸಿಕೊಂಡಿರುವ ಮಾತುಗಳು ಎಷ್ಟು! ಸಾಕ್ಷಿ ಇಲ್ಲದೆ ಶಿಕ್ಷೆ ಹೇಗೆ ಸಾಧ್ಯ ಎಂಬ ಕೋರ್ಟಿನ ಕಷ್ಟ ನನಗೆ ಅರ್ಥವಾಗುತ್ತದೆ. ಸುಳ್ಳು ಕೇಸಿನ ಭಯ ಎಂಬ ಮಾತನ್ನೂ ಕೇಳಿದ್ದೇನೆ. ಆದರೆ ರುಜುವಾತು ಮಾಡುವುದು ಕಷ್ಟ ಅನ್ನುವುದು ಬೇರೆ, ನಡೆದದ್ದೇ ಅಪರಾಧವಲ್ಲ ಅನ್ನುವುದು ಬೇರೆ.

ವಿಮರ್ಶೆಯಲ್ಲೂ ಇಂಥ ವಿಶೇಷಣಗಳಿವೆ. ‘ಸಾಮಾನ್ಯ ಓದುಗ’, ‘ವಸ್ತುನಿಷ್ಠ ಓದು’. ನಮ್ಮ ಕಥೆಗೆ ನಮ್ಮವನು ಕಣ್ಣೀರಿಟ್ಟರೆ ಅದು ನೆಂಟರ ಸಾಕ್ಷಿ. ಹೊರಗಿನ ಸಹೃದಯನೊಬ್ಬ ತಲೆದೂಗಿದರೆ ಕೃತಿ ಗೆದ್ದಿತು. ಹೆಚ್ಚು ಎಳೆಯುವುದಿಲ್ಲ. ಈ ಸಂಚಿಕೆಯಲ್ಲಿ ಬೇರೆಯವರು ಅದನ್ನು ನನಗಿಂತ ಚೆನ್ನಾಗಿ ಬರೆದಿರುತ್ತಾರೆ.

ಕಾನೂನಿನ ಇನ್ನೊಂದು ವಿಶೇಷಣವನ್ನು ಹೇಳಲೇಬೇಕು. ಅದು ‘ಅವಾಚ್ಯ’. ನಮ್ಮ ಠಾಣೆಗಳ ದೂರುಗಳನ್ನು ತೆಗೆದು ನೋಡಿ, ‘ಅವಾಚ್ಯ ಶಬ್ದಗಳಿಂದ ನಿಂದಿಸಿ, ಜಾತಿ ನಿಂದನೆ ಮಾಡಿ’ ಎಂಬ ಸಾಲು ಅಚ್ಚು ಹಾಕಿದ ಹಾಗೆ ಇರುತ್ತದೆ. ಮರ್ಯಾದೆಯ ಭಾಷೆ. ಬೈದವನ ಬಾಯಿಗೆ ವಾಚ್ಯವಾಗಿದ್ದದ್ದು ನಮ್ಮ ಕಾಗದಕ್ಕೆ ಬರುವಾಗ ಅವಾಚ್ಯವಾಗುತ್ತದೆ. ನಾನೇ ವರ್ಷಗಟ್ಟಲೆ ಹಾಗೆ ಬರೆದಿದ್ದೇನೆ, ಹೆಣ್ಣುಮಕ್ಕಳ ಮುಂದೆ ಆ ಮಾತು ಬರೆಯುವುದಕ್ಕೆ ಸಂಕೋಚಪಟ್ಟು. ಆದರೆ ಮೇಲೆ ಹೇಳಿದ 2023ರ ತೀರ್ಪು, ಏನು ಬೈದರು ಎಂಬುದು ಕನಿಷ್ಠ ಚಾರ್ಜ್‌ಶೀಟಿನಲ್ಲಾದರೂ ಇರಬೇಕು ಅಂದಿದೆ. ಇಲ್ಲದಿದ್ದರೆ ಕೋರ್ಟು ಏನನ್ನು ತೂಗಿ ನೋಡುವುದು? ಆದ್ದರಿಂದ ಕಾರ್ಯಕರ್ತ ಗೆಳೆಯರಿಗೆ ನನ್ನ ಮಾತು: ಆಡಿದ ಮಾತನ್ನು ಆಡಿದ ಹಾಗೆಯೇ ಬರೆಸಿ. ‘ಸಾರ್ವಜನಿಕವಾಗಿ’ ಎಂಬ ಪದವನ್ನು ನೀವು ಬರೆಯುವುದರಿಂದ ಏನೂ ಆಗುವುದಿಲ್ಲ. ಅದು ತೀರ್ಮಾನ, ಸಂಗತಿಯಲ್ಲ. ಬೈದವನು ನಿಂತದ್ದೆಲ್ಲಿ, ಆ ರಸ್ತೆ ಯಾರು ಹಾಕಿಸಿದ್ದು, ಆ ಜಾಗ ಯಾವ ಕಡೆಯಿಂದ ಕಾಣುತ್ತದೆ, ಯಾರು ಯಾವ ಕೆಲಸಕ್ಕೆ ಆ ಹೊತ್ತಿನಲ್ಲಿ ಅಲ್ಲಿ ಓಡಾಡುತ್ತಿದ್ದರು. ಇವಷ್ಟನ್ನೂ ಬರೆದರೆ ಪದ ತಾನಾಗಿ ಬರುತ್ತದೆ. ಸ್ಥಳ ಮಹಜರಿನ ನಕಾಶೆಯಲ್ಲಿ ರಸ್ತೆ ಬಂದಿದೆಯೇ ಅಂತ ನೋಡಿಕೊಳ್ಳಿ. ಇನ್ನೊಂದು: ಎಲ್ಲದಕ್ಕೂ ಈ ಎರಡು ಕಲಮನ್ನೇ ನೆಚ್ಚಿಕೊಂಡು ಕೂರಬೇಡಿ. ಬಹಿಷ್ಕಾರ ಹಾಕುವುದು, ಬಾವಿ, ನಲ್ಲಿ, ದಾರಿ, ಸ್ಮಶಾನ ಬಳಸದಂತೆ ತಡೆಯುವುದು ಇವಕ್ಕೆ ಅದೇ ಕಾಯ್ದೆಯಲ್ಲಿ ಬೇರೆ ಕಲಮುಗಳಿವೆ. ಅಲ್ಲಿ ಸಾರ್ವಜನಿಕ ನೋಟದ ಷರತ್ತಿಲ್ಲ. ಆ ಭಾಗದಲ್ಲಿ ಊರಿನ ಸಮಾನ ಬಳಕೆಯ ಸ್ವತ್ತು ಎಂಬ ಮಾತು ಬಂದಿದೆ. ಸಂವಿಧಾನ ಸಭೆಯಲ್ಲಿ ನಾಗಪ್ಪನವರು ಕೇಳಿದ ಸ್ಮಶಾನ 2016ರಲ್ಲಿ ಹೆಸರು ಹಿಡಿದೇ ಅಲ್ಲಿ ಸೇರಿದೆ.

ಟೀ ಅಂಗಡಿಯಲ್ಲಿ ಆ ಹೆಣ್ಣುಮಗಳಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. “ನೀವೂ ಸಾರ್ವಜನಿಕರೇ ಕಣವ್ವ, ಆದರೆ ಅದನ್ನ ಅವರಿಗೆ ಬರೆದು ತೋರಿಸ್ಬೇಕು” ಅಂದೆ. ಅವಳು, “ನೋಡಿದ್ದನ್ನ ನೋಡಿದೀವಿ ಅನ್ನೋಕೂ ಬರೀಬೇಕಾ?” ಅಂದಳು. ಇಬ್ಬರೂ ಕೂತು ಅರ್ಜಿಯನ್ನು ಮೊದಲಿಂದ ಬರೆದೆವು. ಬೆಳಿಗ್ಗೆ ಏಳು ಗಂಟೆ. ಮನೆ ಮುಂದಿರುವುದು ಪಂಚಾಯ್ತಿ ಹಾಕಿಸಿದ ಸಿಮೆಂಟು ರಸ್ತೆ. ಅದು ಊರಿನಿಂದ ಹಾಲಿನ ಡೈರಿಗೆ ಹೋಗುವ ದಾರಿ. ಆಡಿದ ಮಾತನ್ನು ಅವಳು ತಲೆ ತಗ್ಗಿಸದೆ ಹೇಳಿದಳು, ನಾನು ಒಂದಕ್ಷರ ಬಿಡದೆ ಬರೆದೆ. ಸಾಕ್ಷಿಗಳ ಪಟ್ಟಿಯಲ್ಲಿ ಅತ್ತೆ, ಮೈದ, ದೊಡ್ಡವ್ವನನ್ನು ಹಾಗೆಯೇ ಉಳಿಸಿಕೊಂಡೆವು. ಅವರ ಕೆಳಗೆ, ಆ ಹೊತ್ತಿನಲ್ಲಿ ಡೈರಿಗೆ ಹಾಲು ಹಾಕಲು ಹೋಗುತ್ತಿದ್ದ ಊರಿನವರಿಬ್ಬರ ಹೆಸರು ಸೇರಿಸಿದೆವು. ರೈಟರು ಓದಿ ಏನೂ ಮಾತಾಡದೆ ನಂಬರು ಹಾಕಿದರು. ಊರಿನ ಆ ಇಬ್ಬರಲ್ಲಿ ಒಬ್ಬರು ತಾವು ಅಂದು ಆ ದಾರಿಯಲ್ಲೇ ಬರಲಿಲ್ಲ ಅಂದರು. ಇನ್ನೊಬ್ಬರು ಹೇಳಿಕೆ ಕೊಟ್ಟಿದ್ದಾರೆ. ಕೇಸು ನಡೆಯುತ್ತಿದೆ.